ಮುಷ್ಟಿ ಬಿಡಿ

ಹೋದ ವಾರ ಗುರುಗ್ರಾಮದ ನಮ್ಮ ಆಫೀಸಿನಲ್ಲಿ ಹೆಲ್ತ್ ಕ್ಯಾಂಪ್ ಇತ್ತು. ನನ್ನ ಸರದಿ ಬಂದಾಗ ಕುರ್ಚಿಯಲ್ಲಿ ಕೂತು ತೋಳು ಚಾಚಿದೆ. ರಕ್ತ ತೆಗೆಯುವವರು ರಬ್ಬರ್ ಪಟ್ಟಿ ಬಿಗಿದು, "ಮುಟ್ಠಿ ಬಂದ್ ಕೀಜಿಯೇ" ಅಂದರು. ನಾನು ಮುಷ್ಟಿ ಹಿಡಿಯಲಿಲ್ಲ. "ಸರ್, ಮುಟ್ಠಿ" ಅಂತ ಇನ್ನೊಮ್ಮೆ ಅಂದರು. "ಖುಲೀ ರಹನೇ ದೋ ಭಯ್ಯಾ, ನಸ್ ಮಿಲ್ ಜಾಯೇಗಿ" ಅಂದೆ, ಕೈ ತೆರೆದೇ ಇರಲಿ, ನರ ಸಿಗುತ್ತೆ ಅಂತ. ಅವರು ನನ್ನ ಮುಖ ನೋಡಿ, ಡಾಕ್ಟರಾ ಅಂತ ಕೇಳಿದರು. ಅಲ್ಲ, ಸಾಫ್ಟ್‌ವೇರ್ ಟೆಸ್ಟಿಂಗ್ ಅಂದೆ. ಹಿಂದೆ ಸಾಲಿನಲ್ಲಿ ನಿಂತಿದ್ದವರು ನಕ್ಕರು. ನರ ಮಾತ್ರ ಸಿಕ್ಕಿತು.

ಅಂಗೈ ತೆರೆದಿಟ್ಟುಕೊಂಡು ಕೂತಿದ್ದಷ್ಟು ಹೊತ್ತೂ ನನ್ನ ಕಣ್ಣ ಮುಂದೆ ಇದ್ದವರು ದೆಹಲಿಯ ರೋಹಿಣಿ ಬಡಾವಣೆಯ ನಮ್ಮ ಬಿಲ್ಡಿಂಗಿನ ನೆಲಮಹಡಿಯ ಅಂಕಲ್. ಈ ಫೆಬ್ರವರಿಯಲ್ಲಿ ನ್ಯುಮೋನಿಯಾ ಆಗಿ, ಹತ್ತೇ ದಿನದಲ್ಲಿ ತೀರಿಕೊಂಡರು. ಹಾಸನದ ಕಡೆಯವರು. ದೆಹಲಿಯ ಒಂದು ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿ ನಿವೃತ್ತರಾಗಿದ್ದರು. ಸುಮ್ಮನೆ ಕೂರಲು ಬರುತ್ತಿರಲಿಲ್ಲ. ನಮ್ಮ ಸೆಕ್ಟರಿನ ಮಾರ್ಕೆಟ್‌ನಲ್ಲಿರುವ ಒಂದು ಸಣ್ಣ ಲ್ಯಾಬಿನ ಪರವಾಗಿ ದಿನಾ ಬೆಳಗ್ಗೆ ಸುತ್ತಮುತ್ತಲಿನ ಮನೆಗಳಿಗೆ ಹೋಗಿ, ಹೊರಗೆ ಬರಲಾಗದ ವಯಸ್ಸಾದವರ ರಕ್ತ ತೆಗೆದು ತರುತ್ತಿದ್ದರು. ಇಡೀ ಬ್ಲಾಕಿಗೆ ಅವರು ಲ್ಯಾಬ್ ಅಂಕಲ್. ನನಗೂ ಬರೀ ಅಂಕಲ್.

ನಮ್ಮ ಪರಿಚಯ ಆದದ್ದು ಒಂದು ಡಬ್ಬಿಯಿಂದ. ನಾನು ನಾಲ್ಕನೇ ಮಹಡಿಯ ಒಂದು ರೂಮಿಗೆ ಹೊಸದಾಗಿ ಬಂದಿದ್ದೆ. ಕೊರಿಯರಿನವನು ಮೆಟ್ಟಿಲು ಹತ್ತುವ ಬೇಸರಕ್ಕೆ ನನ್ನ ಪಾರ್ಸೆಲ್ಲನ್ನು ನೆಲಮಹಡಿಯಲ್ಲೇ ಕೊಟ್ಟು ಹೋಗಿದ್ದ. ಇಸಿದುಕೊಳ್ಳಲು ಹೋದಾಗ ಅವರು ಬಾಗಿಲಲ್ಲೇ ನಿಂತು, ಕನ್ನಡಕವನ್ನು ಹಣೆಗೇರಿಸಿ, ಪ್ಯಾಕೆಟ್ ಮೇಲೆ ಬರೆದದ್ದನ್ನು ಓದುತ್ತಿದ್ದರು.

"ಮೆಗ್ನೀಸಿಯಂ. ನೂರಿಪ್ಪತ್ತು ಮಾತ್ರೆ. ಯಾರಿಗಪ್ಪಾ ಇದು?"

ಕನ್ನಡ ಕೇಳಿ ನನಗೆ ಖುಷಿಯಾಯಿತು. "ನನಗೇ ಅಂಕಲ್."

"ಕಿಡ್ನಿ ಹೇಗಿದೆ?"

ಊರು ಯಾವುದು, ಏನು ಕೆಲಸ, ಮದುವೆ ಆಗಿದೆಯಾ ಅಂತ ಕೇಳುವವರನ್ನು ನೋಡಿದ್ದೆ. ಹೆಸರು ಕೇಳುವ ಮೊದಲೇ ಕಿಡ್ನಿ ವಿಚಾರಿಸಿದವರು ಇವರೊಬ್ಬರೇ.

ಒಳಗಿನಿಂದ ಆಂಟಿ, "ಒಳಗಾದ್ರೂ ಕರೀರಿ, ಬಾಗ್ಲಲ್ಲೇ ಓಪಿಡಿ ಶುರು ಮಾಡ್ಬೇಡಿ" ಅಂದರು. ಹಾಗೆ ಒಳಗೆ ಹೋದವನು ಮುಂದಿನ ಮೂರು ವರ್ಷ ಹೋಗುತ್ತಲೇ ಇದ್ದೆ.

ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ವೈದ್ಯಕೀಯ ಓದಿದವನಲ್ಲ. ಓಡುವ ಅಭ್ಯಾಸ ಶುರು ಮಾಡಿದಾಗ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಯಾಕೆ ಅಂತ ಹುಡುಕಹೋಗಿ ಮೆಗ್ನೀಸಿಯಂ ಸಿಕ್ಕಿತು. ಅಲ್ಲಿಂದ ರಕ್ತನಾಳಗಳ ವಿಷಯಕ್ಕೆ ಹೋದೆ, ಹೋದವನು ವಾಪಸ್ಸು ಬರಲಿಲ್ಲ. ರೋಹಿಣಿಯಿಂದ ಗುರುಗ್ರಾಮಕ್ಕೆ ಮೆಟ್ರೋದಲ್ಲಿ ಹೋಗಿ ಬರುವಷ್ಟರಲ್ಲಿ ದಿನಕ್ಕೊಂದು ಸಂಶೋಧನಾ ಲೇಖನ ಮುಗಿಯುತ್ತಿತ್ತು. ಅರ್ಧ ಅರ್ಥವಾಗುತ್ತಿತ್ತು. ಅರ್ಥವಾದ ಅರ್ಧವನ್ನು ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದೆ.

ಅಂಕಲ್‌ಗೂ ಹೇಳಿದೆ. ನಮ್ಮ ರಕ್ತನಾಳದ ಗೋಡೆಯಲ್ಲಿ ಸ್ನಾಯು ಇದೆ. ಕ್ಯಾಲ್ಸಿಯಂ ಅದರ ಜೀವಕೋಶದ ಒಳಗೆ ನುಗ್ಗಿದರೆ ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ, ಬಿಪಿ ಏರುತ್ತದೆ. ಮೆಗ್ನೀಸಿಯಂ ಆ ಬಾಗಿಲಲ್ಲಿ ನಿಂತು ಕ್ಯಾಲ್ಸಿಯಮ್ಮನ್ನು ತಡೆಯುತ್ತದೆ. "ಕಶ್ಮೀರಿ ಗೇಟ್ ಸ್ಟೇಷನ್‌ನಲ್ಲಿ ಆಫೀಸ್ ಟೈಮಲ್ಲಿ ಗಾರ್ಡ್ ಕೈ ಅಡ್ಡ ಇಟ್ಟು ಜನಾನ ನಿಲ್ಲಿಸ್ತಾನಲ್ಲ ಅಂಕಲ್, ಹಾಗೆ. ಗಾರ್ಡ್ ಇಲ್ದಿದ್ರೆ ಎಲ್ಲಾ ಒಂದೇ ಸಲ ನುಗ್ತಾರೆ."

ಅವರು ಕುಂಬಳಬೀಜ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾ ಪೂರ್ತಿ ಕೇಳಿದರು. ಯಾರ ಮಾತನ್ನೂ ಅವರು ನಡುವೆ ಕತ್ತರಿಸುತ್ತಿರಲಿಲ್ಲ. ಮುಗಿದ ಮೇಲೆ ಕತ್ತರಿಸುತ್ತಿದ್ದರು.

"ಗಾರ್ಡ್ ಸರಿ. ಅವನೊಬ್ನೇ ಇಡೀ ಮೆಟ್ರೋ ಓಡಿಸ್ತಾನಾ? ಉಪ್ಪು ಇದೆ, ನಿದ್ದೆ ಇದೆ, ಸಕ್ಕರೆ ಇದೆ, ಬೀಡಿ ಇದೆ, ಅಪ್ಪ ಅಮ್ಮ ಕೊಟ್ಟಿದ್ದಿದೆ. ನೀನು ಗಾರ್ಡ್‌ಗೆ ಹಾರ ಹಾಕ್ಕೊಂಡು ಕೂತಿದೀಯ ಕಣಯ್ಯ, ಡಾಕ್ಟ್ರೇ."

ಆವತ್ತಿನಿಂದ ನಾನು ಡಾಕ್ಟ್ರು. ಅದು ಬೈಗುಳ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆಮೇಲೆ ಅವರು ನನ್ನ ಮಣಿಕಟ್ಟು ಹಿಡಿದರು. ನಾಡಿ ಎಣಿಸುತ್ತಾರೆ ಅಂದುಕೊಂಡೆ. ಒಂದು ಬೆರಳಿನಿಂದ ನಾಳವನ್ನು ಗಟ್ಟಿಯಾಗಿ ಒತ್ತಿ ರಕ್ತ ಬರದ ಹಾಗೆ ಮಾಡಿ, ಮುಂದಿನ ಭಾಗವನ್ನು ಇನ್ನೊಂದು ಬೆರಳಿನಿಂದ ಸವರಿ ಖಾಲಿ ಮಾಡಿ, "ಈಗ ಮುಟ್ಟು, ನಾಳ ಸಿಗುತ್ತಾ?" ಅಂದರು. ಸಿಗಲಿಲ್ಲ. ಚರ್ಮದ ಕೆಳಗೆ ಏನೂ ಇಲ್ಲದ ಹಾಗಿತ್ತು.

"ಈಗ ನಂದು."

ಅವರ ಮಣಿಕಟ್ಟಿನಲ್ಲಿ ಅದೇ ಥರ ಒತ್ತಿದೆ. ರಕ್ತ ಖಾಲಿಯಾದ ಮೇಲೂ ಬೆರಳ ಕೆಳಗೆ ಒಂದು ಹುರಿ ಹೊರಳಾಡಿತು. ಪ್ಯಾಕೆಟ್ ಕಟ್ಟುವ ಹುರಿಯಷ್ಟೇ ಗಟ್ಟಿ.

"ನಾನು ಮೂವತ್ತು ವರ್ಷ ಎಷ್ಟೋ ಜನದ್ದು ಮುಟ್ಟಿದೀನಿ. ನಿನ್ನ ಲೇಖನದಲ್ಲಿ ಇರೋದು ಕೊನೆಗೆ ಇಲ್ಲಿಗೆ ಬಂದು ನಿಲ್ಲುತ್ತೆ. ಹೇಳು, ಈ ಹುರಿನ ನಿನ್ನ ಡಬ್ಬಿ ಮೆತ್ತಗೆ ಮಾಡುತ್ತಾ?"

"ಮೆತ್ತಗೆ ಮಾಡಲ್ಲ ಅಂಕಲ್. ಮೆಗ್ನೀಸಿಯಂ ತುಂಬ ದಿನ ಕಮ್ಮಿ ಇದ್ರೆ ಗೋಡೆಯಲ್ಲಿ ಕ್ಯಾಲ್ಸಿಯಂ ಕೂರೋದು ಜಾಸ್ತಿ ಆಗುತ್ತೆ, ಸಾಕಷ್ಟಿದ್ರೆ ಅದು ನಿಧಾನ ಆಗಬಹುದು ಅಂತಾರೆ."

"ಅಂತಾರೆ ಅಂದ್ಯಲ್ಲ, ಅದು ಸರಿಯಾದ ಉತ್ತರ."

ಅವರ ಹತ್ತಿರ ನಾನು ಗಳಿಸಿದ ಮೊದಲ ಅಂಕ ಅದು. ಕಳೆದುಕೊಳ್ಳಲು ಹೆಚ್ಚು ದಿನ ಬೇಕಾಗಲಿಲ್ಲ. ಮೂರನೇ ಮಹಡಿಯಲ್ಲಿ ಒಬ್ಬ ಪಂಜಾಬಿ ಮಾತಾಜಿ ಇದ್ದಾರೆ, ಎಂಬತ್ತು ದಾಟಿದವರು. ಮೆಟ್ಟಿಲ ಮೇಲೆ ಸಿಕ್ಕಾಗ ಕಾಲು ನೋವು ಅಂದರು. ನಾನು ನನ್ನ ಡಬ್ಬಿಯಿಂದ ಹದಿನೈದು ಮಾತ್ರೆ ಕಾಗದದಲ್ಲಿ ಕಟ್ಟಿ ಕೊಟ್ಟು ಬಂದೆ. ಅದು ಅಂಕಲ್‌ಗೆ ಗೊತ್ತಾದದ್ದು ಮರುದಿನ, ಮಾತಾಜಿಯ ರಕ್ತ ತೆಗೆಯಲು ಹೋದಾಗ. ಸಂಜೆ ನಾನು ಆಫೀಸಿನಿಂದ ಬಂದರೆ ಆ ಪೊಟ್ಟಣ ಅವರ ಟೀಪಾಯಿ ಮೇಲಿತ್ತು. ಒಳಗೆ ಹದಿನಾಲ್ಕು ಮಾತ್ರೆ.

"ಅವರ ಕ್ರಿಯಾಟಿನಿನ್ ಎಷ್ಟು ಗೊತ್ತಾ?" ಅಂತ ಕೇಳಿದರು. ಕ್ರಿಯಾಟಿನಿನ್ ಅಂದರೆ ಕಿಡ್ನಿಯ ಕೆಲಸ ಹೇಗೆ ನಡೆದಿದೆ ಅಂತ ಹೇಳುವ ಲೆಕ್ಕ. ನನಗೆ ಗೊತ್ತಿರಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಹೆಚ್ಚಾದ ಮೆಗ್ನೀಸಿಯಮ್ಮನ್ನ ಹೊರಗೆ ಹಾಕೋದು ಕಿಡ್ನಿ. ಅವರದ್ದು ಸುಸ್ತಾಗಿದೆ. ಒಳಗೇ ಉಳ್ಕೊಂಡ್ರೆ ಹೃದಯದ ಬಡಿತವೇ ನಿಧಾನ ಆಗಬಹುದು. ನಾಳ ಸಡಿಲ ಮಾಡುತ್ತೆ ಅಂದ್ಯಲ್ಲ, ಎಲ್ಲಾನೂ ಸಡಿಲ ಮಾಡುತ್ತೆ." ಅಷ್ಟು ಹೇಳಿ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. ಮಾತಾಜಿಗೆ ಏನೂ ಆಗಲಿಲ್ಲ ಅನ್ನುವುದು ನನ್ನ ಪುಣ್ಯ.

ಅವರು ಕೆಲಸ ಮಾಡುವುದನ್ನು ನೋಡಬೇಕು ಅಂತ ಕೆಲವು ಶನಿವಾರ ಜೊತೆಗೆ ಹೋಗಿದ್ದೇನೆ. ದೆಹಲಿಯ ಚಳಿಯಲ್ಲಿ ವಯಸ್ಸಾದವರ ನರಗಳು ಒಳಗೆ ಅಡಗಿಕೊಂಡುಬಿಡುತ್ತವೆ. ಅವರು ಚೀಲದಿಂದ ಬಿಸಿನೀರಿನ ರಬ್ಬರ್ ಚೀಲ ತೆಗೆದು, ತುಂಬಿಸಿ ಕೊಡಿ ಅಂತ ಮನೆಯವರಿಗೆ ಹೇಳಿ, ಅದನ್ನು ಆ ಮುದುಕರ ತೋಳಿನ ಮೇಲಿಟ್ಟು, ಅವರ ಮಗ ಸೊಸೆಯ ಕಥೆ ಕೇಳುತ್ತಾ ಕೂರುತ್ತಿದ್ದರು. ಆಮೇಲೆ ಪಟ್ಟಿ ಕಟ್ಟಿ, ಎರಡು ಬೆರಳಿನಿಂದ ನರ ಹುಡುಕಿ, ಸಿಕ್ಕ ತಕ್ಷಣ ಪಟ್ಟಿ ಬಿಚ್ಚಿಬಿಡುತ್ತಿದ್ದರು. ಸ್ವಲ್ಪ ಬಿಟ್ಟು ಮತ್ತೆ ಕಟ್ಟಿ ಚುಚ್ಚುತ್ತಿದ್ದರು. "ಮುಟ್ಠಿ ಛೋಡಿಯೇ", ಮುಷ್ಟಿ ಬಿಡಿ, ಅನ್ನುವುದು ಪ್ರತಿ ಮನೆಯಲ್ಲೂ ಅವರ ಮೊದಲ ಮಾತು. ಮುಷ್ಟಿ ಬಿಗಿದು ಬಿಗಿದು ಬಿಟ್ಟರೆ ಸ್ನಾಯುವಿನಿಂದ ಪೊಟ್ಯಾಸಿಯಂ ರಕ್ತಕ್ಕೆ ಇಳಿಯುತ್ತದೆ, ರಿಪೋರ್ಟ್ ಸುಳ್ಳು ಹೇಳುತ್ತದೆ.

ಇನ್ನೊಂದು, ಸಿರಿಂಜಿನ ವಿಷಯ. ಅವರು ಅದನ್ನು ಎಳೆಯುತ್ತಿದ್ದದ್ದು ಎಷ್ಟು ನಿಧಾನ ಅಂದರೆ ನೋಡುವವರಿಗೆ ಉಸಿರು ಕಟ್ಟುತ್ತಿತ್ತು. "ಜೋರಾಗಿ ಎಳೆದ್ರೆ ನೊರೆ ಬರುತ್ತೆ ಕಣಯ್ಯ. ನೊರೆ ಬಂತು ಅಂದ್ರೆ ಕೆಂಪುಕಣ ಒಡೀತು ಅಂತ. ಮೆಗ್ನೀಸಿಯಂ ಎಲ್ಲಿರುತ್ತೆ? ಮೂಳೆಯಲ್ಲಿ, ಜೀವಕೋಶದ ಒಳಗೆ. ಹೊರಗಡೆ ನೀರಲ್ಲಿ ಇರೋದು ನೂರರಲ್ಲಿ ಒಂದು ಪಾಲೂ ಇಲ್ಲ. ನಾವು ಅಳೆಯೋದು ಆ ಚಿಟಿಕೆನ. ಕಣ ಒಡೆದು ಒಳಗಿಂದು ಹೊರಗೆ ಚೆಲ್ಲಿದ್ರೆ, ಕಮ್ಮಿ ಇರೋನಿಗೂ ಸರಿ ಇದೆ ಅಂತ ಬರುತ್ತೆ. ಅವನು ನೆಮ್ಮದಿಯಾಗಿ ಮನೆಗೆ ಹೋಗ್ತಾನೆ. ಅದಕ್ಕಿಂತ ಪಾಪ ಇಲ್ಲ."

ಅಪರೂಪಕ್ಕೆ ಸೂಜಿ ತಪ್ಪಿದರೆ ಅಥವಾ ಮಾದರಿ ಕೆಟ್ಟಿದೆ ಅಂತ ಲ್ಯಾಬಿನಿಂದ ಫೋನ್ ಬಂದರೆ, ಮತ್ತೆ ಅಷ್ಟೂ ಮೆಟ್ಟಿಲು ಹತ್ತಿ ಹೋಗಿ ಒಂದು ಮಾತು ಹೇಳುತ್ತಿದ್ದರು. ಯಾವಾಗಲೂ ಅದೇ ಮಾತು. "ಗಲತಿ ಮೇರೇ ಹಾಥ್ ಕೀ ಹೈ, ಆಪ್ ಕೀ ನಸ್ ಕೀ ನಹೀಂ." ತಪ್ಪು ನನ್ನ ಕೈಯದು, ನಿಮ್ಮ ನರದ್ದಲ್ಲ. ಉಳಿದ ಕಡೆಯೆಲ್ಲ 'ನಿಮ್ಮ ನರವೇ ಸರಿಯಿಲ್ಲ' ಅಂತ ಕೇಳಿಸಿಕೊಂಡ ಮುದುಕರು ಆ ಮಾತಿಗೆ ಇನ್ನೊಂದು ತೋಳು ತಾವಾಗಿಯೇ ಚಾಚುತ್ತಿದ್ದರು.

ಅವರ ಕೈ ನಡುಗುವುದನ್ನು ನಾನು ಮೊದಲು ನೋಡಿದ್ದಲ್ಲ, ಕೇಳಿದ್ದು. ಹೋದ ವರ್ಷಕ್ಕೂ ಹಿಂದಿನ ಚಳಿಗಾಲ. ಅವರು ಚಹಾ ಕಪ್ಪನ್ನು ಸಾಸರ್ ಮೇಲೆ ಇಡುವಾಗ ಟಕಟಕ ಸದ್ದು. ಆಂಟಿ ಅಡುಗೆಮನೆಯಿಂದಲೇ ಕಿವಿಗೊಟ್ಟಿದ್ದು ನನಗೆ ಕಾಣಿಸಿತು. ಅದೇ ವಾರ ಮಾತಾಜಿ ಮೆಟ್ಟಿಲಲ್ಲಿ ಸಿಕ್ಕಿ, "ಬೇಟಾ, ತೇರೇ ಅಂಕಲ್ ನೇ ದೋ ಬಾರ್ ಚುಭಾಯಾ" ಅಂದರು. ಎರಡು ಸಲ ಚುಚ್ಚಿದರಂತೆ. ದೂರು ಹೇಳುವ ಧ್ವನಿ ಅಲ್ಲ ಅದು. ಅವರಿಗೂ ಹೆದರಿಕೆಯಾಗಿತ್ತು, ಅಂಕಲ್ ಬರುವುದು ನಿಲ್ಲಿಸಿದರೆ ತನಗಿನ್ನು ಯಾರು ಅಂತ.

ನನ್ನ ತಲೆ ಓಡಿತು. ಕೈ ನಡುಕ. ಕಣ್ಣಿನ ರೆಪ್ಪೆ ಅದುರುವುದು. ರಾತ್ರಿ ಮೀನಖಂಡ ಹಿಡಿದುಕೊಂಡು ಏಳುತ್ತಾರೆ ಅಂತ ಆಂಟಿ ಹೇಳಿದ್ದು. ಬಿಪಿ ಮೊದಲಿಗಿಂತ ಹತೋಟಿ ತಪ್ಪಿದ್ದು. ನಾನು ಆಂಟಿಯನ್ನು ಕೇಳಿದೆ, "ಅಂಕಲ್ ದಿನಾ ಏನೇನು ಮಾತ್ರೆ ತಗೋತಾರೆ?"

"ಬಿಪಿದು ಒಂದು. ಬೆಳಗ್ಗೆ ಎದ್ದ ತಕ್ಷಣ ಆಸಿಡಿಟಿದು ಒಂದು."

"ಆಸಿಡಿಟಿದು ಎಷ್ಟು ದಿನದಿಂದ?"

"ದಿನ ಎಲ್ಲಿ ಬಂತು? ಮಗಳ ಮದ್ವೆ ಓಡಾಟದಲ್ಲಿ ಹೊಟ್ಟೆ ಉರಿ ಅಂತ ಶುರು ಮಾಡಿದ್ದು. ಈಗ ಮೊಮ್ಮಗ ಆರನೇ ಕ್ಲಾಸು."

ಕೆಲವು ಆಸಿಡಿಟಿ ಮಾತ್ರೆಗಳನ್ನು ವರ್ಷಗಟ್ಟಲೆ ತಗೊಂಡರೆ ಕರುಳು ಮೆಗ್ನೀಸಿಯಮ್ಮನ್ನು ಸರಿಯಾಗಿ ಹೀರುವುದಿಲ್ಲ. ಇದು ನಾನು ಮೆಟ್ರೋದಲ್ಲಿ ಓದಿದ್ದು. ಲ್ಯಾಬಿನಲ್ಲಿ ಕಣ್ಣಾರೆ ಕಂಡ ಅವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿರಬೇಕು. ಮೂವತ್ತು ವರ್ಷ ಊರವರ ಮೆಗ್ನೀಸಿಯಂ ಅಳೆದವರು ತಮ್ಮದನ್ನು ಒಮ್ಮೆಯೂ ಅಳೆದುಕೊಂಡಿರಲಿಲ್ಲ.

ಹೇಳಿದೆ. ಸಿಟ್ಟು ಮಾಡಿಕೊಂಡರು. "ನಿನ್ನ ಕೈಗೆ ಸುತ್ತಿಗೆ ಸಿಕ್ಕಿದೆ, ಕಂಡಿದ್ದೆಲ್ಲ ಮೊಳೆ. ವಯಸ್ಸಾಯ್ತು, ನಡುಗುತ್ತೆ. ಚಳಿ." ನಾನು ಬಿಡಲಿಲ್ಲ. "ಚೆಕ್ ಮಾಡಿದ್ರೆ ಏನಾಗುತ್ತೆ ಅಂಕಲ್? ಅದೇ ಕಾರಣ ಆಗಿದ್ರೆ ಸರಿ ಹೋಗೋ ಕಾಯಿಲೆ. ನೀವು ಕೆಲಸ ಬಿಡೋದೇ ಬೇಡ." ಕೊನೆಯ ಮಾತಿಗೆ ಅವರ ಮುಖ ಬದಲಾಯಿತು. ಕೆಲಸ ಬಿಡುವ ಮಾತನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

"ಸರಿ. ನಾಳೆ ಬೆಳಗ್ಗೆ. ನಂದು ನಾನೇ ತೆಗೀತೀನಿ."

ಮರುದಿನ ಬೆಳಗ್ಗೆ ಊಟದ ಮೇಜಿನ ಮೇಲೆ ಎಡತೋಳು ಚಾಚಿಕೊಂಡು ಕೂತರು. ಪಟ್ಟಿಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಅವರ ಹಲ್ಲಿನಲ್ಲಿ. ಬಲಗೈಯಲ್ಲಿ ಸಿರಿಂಜು. ಸೂಜಿ ಚರ್ಮದ ಹತ್ತಿರ ಬಂದಾಗ ಅದರ ತುದಿ ಸಣ್ಣಗೆ ಅಲ್ಲಾಡುತ್ತಿತ್ತು. ಒಳಗೆ ಹೋಯಿತು, ರಕ್ತ ಬಂತು, ಆಮೇಲೆ ಕೈ ಒಮ್ಮೆ ಜಗ್ಗಿತು. ನರದಿಂದ ಸೂಜಿ ಜಾರುತ್ತದೆ ಅನ್ನುವ ಆತುರದಲ್ಲಿ ಅವರು ಸಿರಿಂಜನ್ನು ಬೇಗ ಎಳೆದರು. ಅದುವರೆಗೆ ಅವರು ಹಾಗೆ ಎಳೆದದ್ದನ್ನು ನಾನು ನೋಡಿರಲಿಲ್ಲ. ಸಿರಿಂಜಿನ ಮೇಲ್ಭಾಗದಲ್ಲಿ ನೊರೆ ನಿಂತಿತ್ತು.

ನಾನೂ ನೋಡಿದೆ. ಅವರೂ ನೋಡಿದರು. ಟ್ಯೂಬಿಗೆ ತುಂಬಿ, ಹೆಸರು ಬರೆದು ಪೂಜಾ ಕೈಗೆ ಕೊಟ್ಟರು. ಪೂಜಾ ಆ ಮಾರ್ಕೆಟ್ ಲ್ಯಾಬಿನ ಹುಡುಗಿ, ರಕ್ತ ತೆಗೆಯುವುದನ್ನು ಅಂಕಲ್ ಹತ್ತಿರವೇ ಕಲಿತವಳು. ದಿನಾ ಎಂಟೂವರೆಗೆ ಸ್ಕೂಟಿಯಲ್ಲಿ ಬಂದು ಮಾದರಿಗಳನ್ನು ಒಯ್ಯುತ್ತಿದ್ದಳು.

ಭಾನುವಾರ ಮಧ್ಯಾಹ್ನ ನಾನು ಹೋದಾಗ ಬಾಲ್ಕನಿಯಲ್ಲಿ ಬಿಸಿಲು ಬಿದ್ದಿತ್ತು. ಆಂಟಿ ಮುಂದೆ ಒಂದು ರಾಶಿ ಹಸಿ ಬಟಾಣಿ. ಅಂಕಲ್ ಕೂಡ ಬಿಡಿಸುತ್ತಿದ್ದರು. ಅರ್ಧ ಕಾಳು ತಟ್ಟೆಗೆ, ಅರ್ಧ ನೆಲಕ್ಕೆ. ಜೇಬಿನಿಂದ ರಿಪೋರ್ಟ್ ತೆಗೆದು ಕೊಟ್ಟರು.

"ಓದ್ಕೊಳ್ಳಿ ಡಾಕ್ಟ್ರೇ. ನಾರ್ಮಲ್."

ಹೌದು. ನಾರ್ಮಲ್ ಅನ್ನುವ ಗೆರೆಯ ಕೆಳತುದಿಗೆ ಅಂಟಿಕೊಂಡಂತಿತ್ತು, ಆದರೂ ಒಳಗೇ ಇತ್ತು. ಕಾಗದವನ್ನು ಆ ಸಾಲಿನ ಕೆಳಗೆ ಸರಿಯಾಗಿ ಮಡಿಚಿದ್ದರು. ನಾನು ಮಡಿಕೆ ಬಿಚ್ಚಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ಮಾದರಿಯಲ್ಲಿ ಕೆಂಪುಕಣಗಳು ಒಡೆದಿವೆ, ಫಲಿತಾಂಶ ಇರುವುದಕ್ಕಿಂತ ಹೆಚ್ಚು ತೋರಿಸಿರಬಹುದು.

ಇಪ್ಪತ್ತಾರು ವರ್ಷದ ನಾನು, ಲೇಖನ ಓದಿ ಕಲಿತವನು, ಆ ಕೈಗೆ ಏನು ಹೇಳಲಿ? ಸುಮ್ಮನಿದ್ದರೆ ಅವರು ನೆಮ್ಮದಿಯಾಗಿರುತ್ತಾರೆ. ಅದೇ ಯೋಚನೆ ನನ್ನನ್ನು ಚುಚ್ಚಿದ್ದು. ಅದಕ್ಕಿಂತ ಪಾಪ ಇಲ್ಲ ಅಂದವರು ಅವರೇ.

"ಅಂಕಲ್, ಕೆಳಗಿನ ಸಾಲು ಓದಿದ್ರಾ?"

ಅವರು ಬಟಾಣಿ ಬಿಡಿಸುತ್ತಲೇ ಇದ್ದರು.

"ಇದು ಮಾತಾಜಿಯ ರಿಪೋರ್ಟ್ ಆಗಿದ್ರೆ ಏನ್ ಮಾಡ್ತಿದ್ರಿ?"

ಆಂಟಿಯ ಕೈ ನಿಂತಿತು. ಅಂಕಲ್ ಕೈಯಲ್ಲಿದ್ದ ಸಿಪ್ಪೆಯನ್ನು ಬುಟ್ಟಿಗೆ ಹಾಕಿ, ತೊಡೆಯ ಮೇಲೆ ಎರಡೂ ಅಂಗೈ ಇಟ್ಟುಕೊಂಡು ಅವನ್ನೇ ನೋಡಿದರು. ಬಿಸಿಲಿನಲ್ಲಿ ಬೆರಳು ಅದುರುವುದು ಸ್ಪಷ್ಟವಾಗಿ ಕಾಣುತ್ತಿತ್ತು.

"ಮೂರು ಮಹಡಿ ಹತ್ತಿ ವಾಪಸ್ ಹೋಗ್ತಿದ್ದೆ" ಅಂದರು. ಆಮೇಲೆ, "ತಪ್ಪು ನನ್ನ ಕೈಯದು" ಅಂದರು.

ಆ ಮಾತಿಗೆ ಯಾವಾಗಲೂ ಇನ್ನರ್ಧ ಇರುತ್ತಿತ್ತು. ಈ ಸಲ ಇರಲಿಲ್ಲ.

ಆಂಟಿ, "ನಂಗೆ ಆವತ್ತೇ ಗೊತ್ತಿತ್ತು. ರಿಪೋರ್ಟ್‌ನ ಯಾರಾದ್ರೂ ಇಸ್ತ್ರಿ ಮಾಡ್ದಂಗೆ ಮಡಚ್ತಾರಾ?" ಅಂದರು. ಅಂಕಲ್ ನಕ್ಕರು.

ಸೋಮವಾರ ಅವರೇ ಮಾರ್ಕೆಟ್ ಲ್ಯಾಬಿಗೆ ನಡೆದು ಹೋದರು. ನಾನು ರಜೆ ಹಾಕಿ ಜೊತೆಗೆ ಹೋದೆ. ಅವರು ರೋಗಿಯ ಕುರ್ಚಿಯಲ್ಲಿ ಕೂತದ್ದನ್ನು ನೋಡಿ ಪೂಜಾ ಕೈಗವಸು ಹಾಕಿಕೊಂಡು ಬಿಚ್ಚಿ ಮತ್ತೆ ಹಾಕಿಕೊಂಡಳು. ಕಲಿಸಿದವರ ತೋಳು ಅಲ್ಲವೇ. ಅಂಕಲ್ ಅಭ್ಯಾಸಬಲದಿಂದ ಮುಷ್ಟಿ ತೆರೆದೇ ಇಟ್ಟಿದ್ದರು, ಆದರೆ ಪಟ್ಟಿ ಬಿಗಿದಾಗ ಬೆರಳು ತಾನಾಗಿ ಮಡಿಚಿಕೊಂಡಿತು. ಹೆದರಿದ್ದರು. ನಾನು ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ.

"ಅಂಕಲ್, ಮುಟ್ಠಿ ಛೋಡಿಯೇ" ಅಂದಳು ಪೂಜಾ.

ಬಿಟ್ಟರು. ಅವಳು ನಿಧಾನವಾಗಿ ಎಳೆದಳು. ನೊರೆ ಬರಲಿಲ್ಲ.

ಮೆಗ್ನೀಸಿಯಂ ಕಡಿಮೆ ಇತ್ತು. ಗೆರೆಗಿಂತ ಚೆನ್ನಾಗಿಯೇ ಕೆಳಗೆ. ಅವರ ಹಳೆಯ ಆಸ್ಪತ್ರೆಯ ಡಾಕ್ಟರು ಕಿಡ್ನಿ ನೋಡಿ, ಆಸಿಡಿಟಿ ಮಾತ್ರೆಯನ್ನು ಬದಲಿಸಿ, ಮೆಗ್ನೀಸಿಯಂ ಇಷ್ಟು ದಿನ ಇಷ್ಟೇ ಅಂತ ಬರೆದುಕೊಟ್ಟರು. ಕೆಲವೇ ವಾರದಲ್ಲಿ ಕಾಲು ಹಿಡಿಯುವುದು ನಿಂತಿತು, ರೆಪ್ಪೆ ಅದುರುವುದು ನಿಂತಿತು. ಆಂಟಿ ಬಥುವಾ ಸೊಪ್ಪಿನ ಹುಳಿ ಮಾಡಿದಾಗಲೆಲ್ಲ ನನಗೆ ಒಂದು ಡಬ್ಬಿ ಮೇಲೆ ಕಳಿಸುತ್ತಿದ್ದರು. ಬಿಪಿಯೂ ಒಂಚೂರು ಇಳಿಯಿತು. ನಾನು ಬೀಗುತ್ತಿದ್ದೆ. "ಗಾರ್ಡ್ ಡ್ಯೂಟಿಗೆ ಬಂದ ಅಂಕಲ್" ಅಂದೆ. "ನಾನು ಉಪ್ಪಿನಕಾಯಿನೂ ಬಿಟ್ಟಿದೀನಲ್ಲ, ಅದನ್ನ ಯಾರ ಖಾತೆಗೆ ಹಾಕ್ತೀಯ?" ಅಂದರು.

ಒಂದು ದಿನ ನಾಚಿಕೆ ಬಿಟ್ಟು ಕೇಳಿದೆ, ಮಣಿಕಟ್ಟು ಇನ್ನೊಮ್ಮೆ ಮುಟ್ಟಲಾ ಅಂತ. ಕೊಟ್ಟರು. ಒತ್ತಿ, ಖಾಲಿ ಮಾಡಿ, ಸವರಿದೆ. ಹುರಿ ಹುರಿಯಾಗಿಯೇ ಇತ್ತು. ವರ್ಷಗಟ್ಟಲೆ ಗಟ್ಟಿಯಾದದ್ದು ಮೂರು ತಿಂಗಳಿಗೆ ಕರಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಟ್ಟಿದೆ.

ನಡುಕ? ಅರ್ಧ ಹೋಯಿತು, ಅರ್ಧ ಉಳಿಯಿತು. ಉಳಿದದ್ದು ವಯಸ್ಸಿನ ಜೊತೆ ಬಂದದ್ದು, ಪೂರ್ತಿ ಹೋಗುವುದಿಲ್ಲ ಅಂದರು ಡಾಕ್ಟರು. ನಾನು ಓದಿದ್ದು ಅರ್ಧ ಸರಿಯಿತ್ತು. ಸೂಜಿ ಹಿಡಿಯಲು ಅರ್ಧ ಸಾಲದು. ಅಂಕಲ್ ಸಿರಿಂಜುಗಳ ಚೀಲವನ್ನು ತೊಳೆದು ಒಣಗಿಸಿ ಪೂಜಾಗೆ ಕೊಟ್ಟರು. ಬಿಸಿನೀರಿನ ರಬ್ಬರ್ ಚೀಲವನ್ನು ಮಾತ್ರ ಇಟ್ಟುಕೊಂಡರು.

ಮಾತಾಜಿ ಒಪ್ಪಲಿಲ್ಲ. ಪೂಜಾ ಎರಡು ಸಲ ಹೋಗಿ ಖಾಲಿ ಕೈಯಲ್ಲಿ ಬಂದಳು. ಈ ಹುಡುಗಿಗೆ ನನ್ನ ನಸ್ ಸಿಗುವುದಿಲ್ಲ, ಲ್ಯಾಬ್ ಅಂಕಲ್‌ನೇ ಕಳಿಸಿ ಅಂತ ಹಟ. ಮೂರನೇ ಸಲ, ಒಂದು ಶನಿವಾರ, ಅಂಕಲ್ ರಬ್ಬರ್ ಚೀಲ ಹಿಡಿದು ಮೆಟ್ಟಿಲು ಹತ್ತಿದರು. ಹಿಂದೆ ಪೂಜಾ, ಅವಳ ಹಿಂದೆ ನಾನು.

ಮಾತಾಜಿ ಅವರ ಕೈಯನ್ನೇ ನೋಡುತ್ತಿದ್ದರು. ಗಾಳಿಯಲ್ಲಿದ್ದಾಗ ಅದು ನಡುಗುತ್ತಿತ್ತು. ಅಂಕಲ್ ಅದನ್ನು ಮುಚ್ಚಿಡಲಿಲ್ಲ. ಮಂಚದ ಪಕ್ಕ ಸ್ಟೂಲ್ ಎಳೆದು ಕೂತು, ತೋಳಿನ ಮೇಲೆ ಬಿಸಿ ಚೀಲ ಇಟ್ಟು, ಮೊಮ್ಮಗಳ ಪರೀಕ್ಷೆ ಏನಾಯಿತು ಅಂತ ಕೇಳಿದರು. ಆಮೇಲೆ ಚೀಲ ತೆಗೆದು, ಎರಡು ಬೆರಳನ್ನು ಮೊಣಕೈಯ ಒಳಮಡಿಕೆಯ ಮೇಲಿಟ್ಟು ಕಣ್ಣು ಮುಚ್ಚಿದರು.

"ಮುಟ್ಠಿ ಛೋಡಿಯೇ, ಮಾತಾಜಿ."

ಆ ಮುದಿ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು.

"ಯಹಾಂ" ಅಂದರು ಅಂಕಲ್, ಕಣ್ಣು ತೆರೆಯದೆ. ಅವರ ಬೆರಳ ತುದಿಯ ಪಕ್ಕಕ್ಕೇ ಪೂಜಾ ಸೂಜಿ ಇಳಿಸಿದಳು. ಒಂದೇ ಸಲಕ್ಕೆ ರಕ್ತ ಬಂತು. ಅವಳು ಎಳೆದು ಮುಗಿಸುವವರೆಗೂ ಅವರ ಬೆರಳು ಮಾತಾಜಿಯ ತೋಳಿನ ಮೇಲೆ ಇದ್ದಲ್ಲೇ ಇತ್ತು. ನಾನು ಬಗ್ಗಿ ನೋಡಿದೆ. ನಡುಗುತ್ತಿರಲಿಲ್ಲ.